ಎಡಗೆನ್ನೆಯ ಬರೆ

ಈಗಲೂ ಯಾರಾದರೂ ನನ್ನ ಎಡಗೆನ್ನೆಯತ್ತ ಕಣ್ಣು ಹಾಯಿಸದೆ ನೇರವಾಗಿ ಮಾತಾಡಿದರೆ ನನಗೆ ಒಂದು ಗಳಿಗೆ ಅನುಮಾನವಾಗುತ್ತದೆ, ಇವರು ಬೇಕೆಂದೇ ನೋಡದಂತೆ ಇದ್ದಾರೇನೋ ಎಂದು. ಇಪ್ಪತ್ತೆಂಟು ವರ್ಷ ಎಲ್ಲರೂ ಮೊದಲು ಆ ಕೆನ್ನೆಯನ್ನು ನೋಡಿ, ಆಮೇಲೆ ನನ್ನನ್ನು ನೋಡಿದವರು. ಅವರ ಅಭ್ಯಾಸ ತಪ್ಪಿದೆ, ನನ್ನದು ತಪ್ಪಿಲ್ಲ.

ನನ್ನ ಹೆಸರು ಕೊಟ್ರಮ್ಮ. ಹರಪನಹಳ್ಳಿ ತಾಲ್ಲೂಕಿನಲ್ಲಿ, ಅಲ್ಲಿಯದೇ ಆದ ಅರಸೀಕೆರೆಗೆ ಹತ್ತಿರದ ಒಂದು ಸಣ್ಣ ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ. ಊರಿನವರ ಬಾಯಲ್ಲಿ ಟೀಚರ್. ನಾನು ಏಳು ತಿಂಗಳ ಕೂಸಾಗಿದ್ದಾಗ ಜ್ವರ ನೆತ್ತಿಗೇರಿ ಕೈಕಾಲು ಸೆಟೆದುಕೊಂಡವಂತೆ. ನಮ್ಮದು ಕುರಿ ಸಾಕುವ ಮನೆತನ. ಕುರಿಗೆ ಬೇನೆ ಬಂದರೆ ಕಬ್ಬಿಣ ಕಾಯಿಸಿ ಬರೆ ಹಾಕುವುದು ನಮ್ಮಲ್ಲಿ ರೂಢಿ. ಅದೇ ಕಬ್ಬಿಣ, ಅದೇ ಕೈ ಮನೆಯ ಕೂಸುಗಳಿಗೂ ಆಗುತ್ತಿತ್ತು. ಹೊಟ್ಟೆಗೋ ಹಣೆಗೋ ಕೆನ್ನೆಗೋ, ಹಟ್ಟಿಯ ಹಿರಿಯನಿಗೆ ಎಲ್ಲಿ ತೋಚುತ್ತದೋ ಅಲ್ಲಿ. ನನಗೆ ಬಿದ್ದದ್ದು ಎಡಗೆನ್ನೆಗೆ. ಗಾಯ ಮಾಯ್ದ ಮೇಲೆ ಅಲ್ಲಿ ಗಂಟುಗಂಟಾದ ದಪ್ಪ ಚರ್ಮ ಉಳಿಯಿತು, ನಾನು ಬೆಳೆದಂತೆ ಅದೂ ಬೆಳೆಯಿತು. ಶಾಲೆಯಲ್ಲಿ 'ಬರಿ ಕೊಟ್ರಿ' ಎಂದೇ ಕರೆದರು. ಮದುವೆಯ ಫೋಟೋಗಳಲ್ಲೆಲ್ಲ ನನ್ನ ಬಲಗೆನ್ನೆ ಮಾತ್ರ ಇದೆ. ಫೋಟೋದವನು ನನ್ನನ್ನು ಕೇಳದೆಯೇ ಹಾಗೆ ನಿಲ್ಲಿಸಿದ.

ಇದನ್ನು ಬರೆಯುತ್ತಿರುವುದು ನನ್ನಂತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಜೀವಕ್ಕೆ ಬೇಕಿಲ್ಲದ ಆಪರೇಷನ್ನಿಗೆ ಬಂದೆನಲ್ಲ ಎಂದು ತಮ್ಮನ್ನೇ ಬೈದುಕೊಳ್ಳುತ್ತಿರುವವರಿಗಾಗಿ. ಹೊಟ್ಟೆಯಲ್ಲಿ ಗಡ್ಡೆ ಇದ್ದವರು ಹೆದರಿದರೆ ಪಕ್ಕದವರು ಕೈ ಹಿಡಿಯುತ್ತಾರೆ. ಮುಖ ಸರಿಮಾಡಿಸಿಕೊಳ್ಳಲು ಬಂದವಳು ಹೆದರಿದರೆ, ಯಾರು ಬಾ ಅಂದಿದ್ದರು ಎನ್ನುತ್ತಾರೆ. ಆ ಮಾತನ್ನು ನಾನು ಬೇರೆಯವರ ಬಾಯಲ್ಲಿ ಕೇಳಿದ್ದಕ್ಕಿಂತ ನನ್ನೊಳಗೆ ಕೇಳಿದ್ದೇ ಹೆಚ್ಚು.

ಚಂದ ಕಾಣುವ ಆಸೆ ನನಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು, ಚೆನ್ನಾಗಿಯೇ ಇತ್ತು. ಆದರೆ ದಾವಣಗೆರೆಯ ಆಸ್ಪತ್ರೆಗೆ ಬಸ್ಸು ಹತ್ತುವಷ್ಟು ಧೈರ್ಯ ನನಗೆ ಹುಟ್ಟಿದ್ದು ಆ ಆಸೆಯಿಂದಲ್ಲ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಕೂಸುಗಳಿಗೆ ಬರೆ ಹಾಕಬೇಡಿ, ದವಾಖಾನೆಗೆ ಕರೆದುಕೊಂಡು ಹೋಗಿ ಎಂದು ಮನೆಮನೆಗೆ ಹೇಳುವುದು ನನ್ನ ಕೆಲಸ. ಈ ಮುಖ ಹೊತ್ತುಕೊಂಡು ಹೇಳಬೇಕು. ಒಂದು ಮನೆಯಲ್ಲಿ ಎರಡು ತಿಂಗಳ ಕೂಸು ಹಾಲು ಕುಡಿಯದೆ ಬಾಡಿ ಮಲಗಿತ್ತು. ನಾನು ಹೇಳುವುದನ್ನೆಲ್ಲ ಹೇಳಿದೆ. ಆ ಮನೆಯ ಮುದುಕಿ ಎದ್ದು ಬಂದು, ನನ್ನ ಗದ್ದ ಹಿಡಿದು, ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿ ತನ್ನ ಸೊಸೆಗೆ ತೋರಿಸಿದಳು.

"ನೋಡು. ಈಕಿಗಿ ಬರಿ ಹಾಕ್ಯಾರ. ಹೆಂಗ ಗಟ್ಟಿಮುಟ್ಟಾಗಿ ಅದಾಳ ನೋಡು."

ಸೊಸೆ ನನ್ನ ಕೆನ್ನೆ ನೋಡಿ ತಲೆಯಾಡಿಸಿದಳು. ನಾನು ಎದ್ದು ಬಂದೆ. ಮಾರನೆಯ ದಿನವೇ ಕೂಸಿಗೆ ಹೊಟ್ಟೆಯ ಮೇಲೆ ಬರೆ ಬಿತ್ತು.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಮನೆಯಲ್ಲೇ ಇದ್ದಳು. ಈ ಕೆನ್ನೆಯ ವಿಷಯದಲ್ಲಿ ನಾನೂ ಅವ್ವನೂ ಎಂದೂ ಒಂದು ಮಾತಿಗೆ ಬಂದವರಲ್ಲ. ಊರಿನ ಹೆಂಗಸರು ಕೂಸಿಗೆ ಬೇನೆಯಾದಾಗ, ಬರೆ ಯಾರ ಕೈಲಿ ಹಾಕಿಸಬೇಕು ಎಂದು ಕೇಳಿಕೊಂಡು ಅವ್ವನ ಹತ್ತಿರವೇ ಬರುತ್ತಿದ್ದರು. ನಾನು ಒಳಗೆ ಪಾತ್ರೆ ಕುಕ್ಕಿ ಸದ್ದು ಮಾಡುತ್ತಿದ್ದೆ. ಅವ್ವ ಹೊರಗೆ ಕೂತು ಯಾವ ಹಟ್ಟಿ, ಯಾವ ಮುದುಕ ಎಂದು ಹೇಳಿ ಕಳಿಸುತ್ತಿದ್ದಳು. ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದಾಗ ಅವಳ ಮುಖ ಬಿಳಿಚಿಕೊಂಡಿತು.

"ಬ್ಯಾಡ ಕೊಟ್ರಿ. ಆ ಬರಿಯಾಗ ನಿನ್ನ ಜೀವ ಐತಿ. ಅದನ್ನ ಕಿತ್ತು ಒಗದ್ರ ಹೋದ ಬ್ಯಾನಿ ತಿರುಗಿ ಬರ್ತೈತಿ."

"ಯವ್ವ, ನಾ ಊರಿಗೆಲ್ಲ ಬುದ್ಧಿ ಹೇಳಾಕಿ. ನನಗ ಈ ಮಾತು ಹೇಳಬ್ಯಾಡ."

"ಊರಿಗೆ ಹೇಳ್ಕೋ. ನನ್ನ ಕೂಸು ನೀನು."

ನನ್ನ ಗಂಡ ಹಾಲೇಶ ಹರಪನಹಳ್ಳಿಯ ಮೆಕ್ಕೆಜೋಳದ ಅಂಗಡಿಯಲ್ಲಿ ಕೆಲಸಕ್ಕಿದ್ದರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವರು ಇಷ್ಟೇ ಅಂದರು: "ನಿನ್ನ ಮಾರಿ. ನಿನಗ ಹೆಂಗ ಬೇಕೋ ಹಂಗ ಮಾಡು. ನನಗೇನು ಮೊದ್ಲಿಂದನೂ ಅಡ್ಡಿ ಆಗಿಲ್ಲ." ಈ ಮಾತಿಗೆ ಸಂತೋಷಪಡಬೇಕೋ ಬೇಡವೋ ತಿಳಿಯದೆ ನಾನು ಚೀಲ ತುಂಬಿದೆ.

ದಾವಣಗೆರೆಯ ದೊಡ್ಡ ಆಸ್ಪತ್ರೆಯ ಸರ್ಜನ್ನರು ಕೆನ್ನೆಯನ್ನು ಹಿಂಡಿ, ಒತ್ತಿ ನೋಡಿದರು. ಗಂಟುಗಟ್ಟಿದ ಚರ್ಮ ತೆಗೆದು ಆ ಜಾಗಕ್ಕೆ ತೊಡೆಯ ಚರ್ಮ ಕೂಡಿಸಬೇಕು, ಪೂರ್ತಿ ಎಚ್ಚರ ತಪ್ಪಿಸಿ ಮಾಡಬೇಕು ಎಂದರು. "ಮಾಡಿಸದಿದ್ದರೂ ಜೀವಕ್ಕೇನೂ ತೊಂದರೆ ಇಲ್ಲಮ್ಮ. ಯೋಚನೆ ಮಾಡಿ" ಎಂದೂ ಹೇಳಿದರು. ಒಳ್ಳೆಯ ಮನುಷ್ಯ, ಇದ್ದದ್ದನ್ನೇ ಹೇಳಿದರು. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೆ ಕೂತುಬಿಟ್ಟಿತು. ತೊಂದರೆ ಇಲ್ಲದ್ದಕ್ಕೆ ಹೋಗಿ ನಾನು ಸತ್ತರೆ? ನನ್ನ ನಾಲ್ಕು ವರ್ಷದ ಮಗಳಿಗೆ ದೊಡ್ಡವಳಾದ ಮೇಲೆ ಏನು ಹೇಳುತ್ತಾರೆ? ನಿಮ್ಮವ್ವ ಮಾರಿ ಚಂದ ಮಾಡಿಸ್ಕೊಳ್ಳಾಕ ಹೋಗಿ ಸತ್ಲು ಅನ್ನುತ್ತಾರೆ.

ಸೇರಿಸಿಕೊಳ್ಳುವ ದಿನ ಅವ್ವ ನನ್ನ ಜೊತೆಗೆ ಬಂದಳು. ಸೀರೆಯ ಗಂಟಿನಲ್ಲಿ ಮೈಲಾರಲಿಂಗನ ಭಂಡಾರದ ಅರಿಸಿನ ಪುಡಿ ಕಟ್ಟಿಕೊಂಡಿದ್ದಳು. ಉದ್ದನೆಯ ಹಜಾರದಲ್ಲಿ ನಮ್ಮ ಹೆಸರು ಕೂಗುವವರೆಗೆ ಕೂತೆವು. ಎದುರಿಗೆ ಕಿವಿಯ ತೂತು ಹರಿದು ಜೋತಿದ್ದ ಕೊಟ್ಟೂರಿನ ಹೆಂಗಸೊಬ್ಬಳು, ಭಾರದ ಬೆಂಡೋಲೆ ಹಾಕಿ ಹಿಂಗಾತು ನೋಡ್ರಿ ಎಂದು ಕಂಡವರಿಗೆಲ್ಲ ಕಿವಿ ತೋರಿಸಿ ನಗುತ್ತಿದ್ದಳು. ಆ ನಗು ಕೇಳಿ ನನಗೆ ಸಿಟ್ಟೇ ಬಂತು. ಅಷ್ಟರಲ್ಲಿ ನರ್ಸ್ ಒಂದು ಕಾಗದ ತಂದು ಸಹಿ ಮಾಡಿ ಎಂದಳು. ಓದಬಾರದಿತ್ತು, ಓದಿದೆ. ಏನಾದರೂ ಅನಾಹುತವಾದರೆ ಆಸ್ಪತ್ರೆ ಹೊಣೆಯಲ್ಲ ಎಂದಿತ್ತು. ಊರಿಗೆಲ್ಲ ವಿಜ್ಞಾನ ಹೇಳುವ ಟೀಚರ್ ಆಗ ಕೆನ್ನೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಅವ್ವ ಹೇಳಿದ್ದು ನಿಜವಾದರೆ, ನನ್ನ ಜೀವ ಇದರಲ್ಲೇ ಇದ್ದರೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಇದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ.

ಸಹಿ ಮಾಡದ ಕಾಗದವನ್ನು ಬೆಂಚಿನ ಮೇಲಿಟ್ಟು ಅವ್ವನ ಕೈ ಹಿಡಿದುಕೊಂಡು ಹೊರಗೆ ಬಂದುಬಿಟ್ಟೆ. ಹರಪನಹಳ್ಳಿಯ ಬಸ್ಸು ಸಿಕ್ಕಿತು. ದಾರಿಯುದ್ದಕ್ಕೂ ಅವ್ವ ಹುರಿದ ಶೇಂಗಾ ಸುಲಿದು ಸುಲಿದು ನನ್ನ ಕೈಗೆ ಹಾಕಿದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ಬಹಳ ದಿನ ನೋಡಿರಲಿಲ್ಲ.

ಮರುದಿನ ಅಂಗನವಾಡಿಯಲ್ಲಿ ಕೂಸುಗಳ ತೂಕ. ಆ ಮುದುಕಿಯ ಮನೆಯ ಕೂಸು ಬರಲಿಲ್ಲ. ಕೇಳಿದರೆ, ಹೊಟ್ಟೆಯ ಗಾಯ ಕೀವು ತುಂಬಿ, ತಾಯಿಯ ತವರೂರಿನಲ್ಲಿ ಹಿಂದಿನ ವಾರವೇ ಹೋಗಿಬಿಟ್ಟಿತು ಎಂದರು. ನಾನು ತೂಕದ ಪುಸ್ತಕ ಮುಚ್ಚಿ ಹಿಂದಿನ ಗೋಡೆಗೆ ಮುಖ ಮಾಡಿ ನಿಂತೆ. ಯಾರ ಮೇಲೆ ಸಿಟ್ಟು ಮಾಡಲಿ? ಸೊಸೆಗೆ ತೋರಿಸಿದ್ದು ನನ್ನ ಮುಖವನ್ನೇ. ಆ ಹೊತ್ತಿಗೆ ನನಗೆ ಖಾತ್ರಿಯಾಯಿತು, ಈ ಕೆನ್ನೆ ಹೀಗೇ ಇದ್ದರೆ ನಾನು ಈ ಊರಿನಲ್ಲಿ ಯಾವ ಕೂಸನ್ನೂ ಉಳಿಸಲಾರೆ ಎಂದು. ಹೆದರಿಕೆ ಹೋಗಲಿಲ್ಲ. ಹೆದರಿಕೆ ಹೊತ್ತುಕೊಂಡೇ ಎರಡನೆಯ ಸಲ ಹೋದೆ, ಅವ್ವನೂ ಜೊತೆಗೆ ಬಂದಳು.

ಈ ಸಲ ಮೊದಲೇ ಸಹಿ ಮಾಡಿಸಿ ಹಾಸಿಗೆ ಕೊಟ್ಟರು. ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಎಚ್ಚರ ತಪ್ಪಿಸುವ ಡಾಕ್ಟರ್ ಬಂದರು. ನಡುವಯಸ್ಸಿನ ಹೆಂಗಸು, ಕೈಯಲ್ಲಿ ಹಳೆಯ ಪೆನ್ನು. ಹಾಸಿಗೆಯ ತುದಿಯಲ್ಲೇ ಕೂತರು.

"ತುಂಬಾ ಹೆದರಿಕೊಂಡಿದ್ದೀರಲ್ಲ?"

"ಹೌದ್ರಿ. ಒಂದ್ಸಲ ಓಡಿ ಹೋಗೀನ್ರಿ."

"ಗೊತ್ತು, ನರ್ಸ್ ಹೇಳಿದಳು. ಒಂದು ಮಾತು ಹೇಳ್ತೀನಿ. ನಾಳೆ ಟೇಬಲ್ ಮೇಲೆ ಮಲಗಿದ ಮೇಲೂ ನೀವು ಬೇಡ ಅನ್ನಬಹುದು. ನಾವ್ಯಾರೂ ಬೈಯಲ್ಲ. ಎಬ್ಬಿಸಿ ಕಳಿಸ್ತೀವಿ."

ಅಷ್ಟು ದಿನದಲ್ಲಿ ನನಗೆ ಮೊದಲ ಸಲ ಉಸಿರು ಸಲೀಸಾಗಿ ಆಡಿತು. ಬಾಗಿಲು ತೆರೆದೇ ಇದೆ ಎಂದು ಗೊತ್ತಾದರೆ ಒಳಗೆ ಕೂರುವುದು ಸುಲಭ. ನಿಮ್ಮ ಡಾಕ್ಟರು ತಾವಾಗಿ ಹೇಳದಿದ್ದರೆ ನೀವೇ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ.

ಆಮೇಲೆ ಅವರು ಹಳೆಯ ಕಾಯಿಲೆಗಳನ್ನು ವಿಚಾರಿಸಿದರು. ಚಿಕ್ಕಂದಿನಲ್ಲಿ ಫಿಟ್ಸ್ ಬಂದಿತ್ತೇ ಎಂದಾಗ ನಾನು ಅವ್ವನ ಕಡೆ ನೋಡಿದೆ. ಅವ್ವ ನೆಲದ ಮೇಲೆ ಕೂತಿದ್ದವಳು ಎದ್ದು ನಿಂತು, ಏಳನೆಯ ತಿಂಗಳಲ್ಲಿ ಒಮ್ಮೆ ಎಂದಳು.

"ಏನು ಔಷಧಿ ಕೊಡಿಸಿದ್ರಿ?"

"ಬರಿ ಹಾಕ್ಸಿದ್ವಿ."

"ಅದು ಗೊತ್ತಾಯ್ತು. ಆಮೇಲೆ?"

ಡಾಕ್ಟರು ಪೆನ್ನು ಹಿಡಿದು ಕಾದರು. "ನೋಡಿ ತಾಯಿ, ನಾಳೆ ಇವರಿಗೆ ಮದ್ದು ಕೊಡುವವಳು ನಾನು. ನನಗೆ ಪೂರ್ತಿ ಗೊತ್ತಿರಬೇಕು. ಬರೆ ಹಾಕಿದ ಮೇಲೆ ಮತ್ತೆ ಫಿಟ್ಸ್ ಬಂತಾ? ಆಸ್ಪತ್ರೆಗೆ ತೋರಿಸಿದ್ರಾ?"

"ನೆಪ್ಪಿಲ್ರಿ" ಎಂದಳು ಅವ್ವ. ಡಾಕ್ಟರು ನೆನಪಾದರೆ ಸಂಜೆಯೊಳಗೆ ಹೇಳಿ ಕಳಿಸಿ ಎಂದು ಹೋದರು.

ಅವ್ವನಿಗೆ ನೆನಪಿಲ್ಲದ್ದು ಯಾವುದೂ ಇಲ್ಲ. ಯಾವ ವರ್ಷ ಯಾವ ಕುರಿ ಎಷ್ಟು ಮರಿ ಹಾಕಿತು ಎಂದು ಹೇಳುವವಳು. ನಾನು ಅವಳನ್ನು ಕರೆದುಕೊಂಡು ವರಾಂಡಕ್ಕೆ ಹೋದೆ. ಅಲ್ಲಿ ಕಂಬಕ್ಕೆ ಒರಗಿ ಕೂತಳು. ನಾನು ಎದುರಿಗೆ ಕೂತೆ. ಅವಳೇ ಶುರುಮಾಡಿದಳು.

"ಬರಿ ಹಾಕಿದ ಮೂರು ದಿನಕ್ಕ ಗಾಯ ಕೀವಾತು. ಜ್ವರ ಇಳೀಲಿಲ್ಲ. ಮತ್ತ ಎರಡು ಸಲ ಸೆಟದಿ. ನಿಮ್ಮಪ್ಪ ಕುರಿ ಹೊಡಕೊಂಡು ದೂರ ಹೋಗಿದ್ದ. ನಾ ಒಬ್ಬಾಕಿನ, ತವರಿಗೆ ಹೊಂಟೀನಂತ ಸುಳ್ಳು ಹೇಳಿ, ನಿನ್ನ ಸೆರಗಿನ್ಯಾಗ ಸುತ್ಕೊಂಡು ಹರಪನಹಳ್ಳಿ ದವಾಖಾನಿಗೆ ನಡಕೋತ ಹೋದೆ. ಆರು ದಿನ ಸೂಜಿ ಮಾಡಿದ್ರು. ಆಮ್ಯಾಲೆ ಜ್ವರ ಬಿಡ್ತು."

"ಮತ್ತ ಬರಿಯಿಂದ ಬದುಕಿದೆ ಅಂತ ಇಷ್ಟು ವರ್ಷ ಹೇಳಿದ್ಯಲ್ಲಬೇ?"

"ಊರಿಗೆ ಬಂದ್ವಿ. ನಮ್ಮತ್ತಿ ನಿನ್ನ ನೋಡಿ, ಬರಿ ಹಿಡೀತು ನೋಡು ಅಂದ್ಲು. ನಾ ಹೂಂ ಅಂದೆ. ಅವತ್ತಿಂದ ಹೂಂ ಅನ್ಕೋತ ಬಂದೀನಿ."

"ಯಾಕ? ಇಲ್ಲ ಅನ್ನಾಕ ಏನಾಗಿತ್ತು?"

ಅವ್ವ ನನ್ನ ಮುಖ ನೋಡಲಿಲ್ಲ. "ಇಲ್ಲ ಅಂದ್ರ ನಿನ್ನ ಮಾರಿ ಸುಮ್‌ಸುಮ್ಮನ ಸುಟ್ಟಂಗಾತಲ್ಲ" ಎಂದಳು.

ನನ್ನ ಹೆದರಿಕೆ ಆ ಗಳಿಗೆಯಲ್ಲೇ ಇಳಿದುಹೋಯಿತು. ನಿಜವಾಗಿ ಹೇಳುತ್ತೇನೆ, ಒಂದು ಚೂರೂ ಉಳಿಯಲಿಲ್ಲ. ಕೆನ್ನೆಯಲ್ಲಿ ನನ್ನ ಜೀವವೂ ಇರಲಿಲ್ಲ, ದೇವರೂ ಇರಲಿಲ್ಲ. ಬರೀ ಸುಟ್ಟ ಚರ್ಮ. ಆದರೆ ಹೆದರಿಕೆ ಹೋದ ಜಾಗಕ್ಕೆ ಬಂದದ್ದನ್ನು ಏನೆಂದು ಹೇಳಲಿ? 'ಬರಿ ಕೊಟ್ರಿ' ಎಂದವರನ್ನೆಲ್ಲ, ಇದರಿಂದ ಬದುಕಿದೆನಲ್ಲ ಎಂಬ ಒಂದೇ ಸಮಾಧಾನದಲ್ಲಿ ನಾನು ಸಹಿಸಿದ್ದೆ. ಅವ್ವನ ಮಾತು ಕೇಳಿಕೊಂಡು ಹಟ್ಟಿಗೆ ಹೋದ ಹೆಂಗಸರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಅವ್ವನನ್ನು ಅಲ್ಲೇ ಬಿಟ್ಟು ಎದ್ದು ಹೋಗಿ, ಎಲ್ಲವನ್ನೂ ನಾನೇ ನರ್ಸಿಗೆ ಹೇಳಿ ಡಾಕ್ಟರಿಗೆ ತಿಳಿಸಲು ಹೇಳಿದೆ.

ಸಂಜೆ ವಾರ್ಡಿನ ಆಯಾ ಹುಸೇನಬಿ ನನ್ನ ಮುಖ ನೋಡಿ ಏನು ತಿಳಿದಳೋ, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ತುಂಡುಗಳ ಒಂದು ರಾಶಿಯನ್ನು ತಂದು ಹಾಸಿಗೆಯ ಮೇಲೆ ಸುರಿದಳು.

"ತಗೋ ಬೇಟಿ, ಇವನ್ನ ನಾಕು ಮಡಿಕಿ ಮಾಡು. ಆಮ್ಯಾಲೆ ಕುದಿಸ್ತಾರ, ಚಿಂತಿ ಮಾಡಬ್ಯಾಡ. ಕೈ ಸುಮ್ನಿದ್ರ ತೆಲಿ ಸುಮ್ನಿರಂಗಿಲ್ಲ."

ಮಡಚಿದೆ. ಅಂಚಿಗೆ ಅಂಚು ಕೂಡಿಸಿ, ಒತ್ತಿ, ಒಂದರ ಮೇಲೊಂದು ಇಟ್ಟೆ. ನೂರಾರು ಇದ್ದಿರಬೇಕು. ಸ್ವಲ್ಪ ಹೊತ್ತಿಗೆ ಅವ್ವ ಒಳಗೆ ಬಂದು, ಏನೂ ಕೇಳದೆ ಎದುರಿಗೆ ಕೂತು ತಾನೂ ಮಡಚತೊಡಗಿದಳು. ರಾಶಿ ಮುಗಿಯುವವರೆಗೂ ನಾವಿಬ್ಬರೂ ಮಡಚಿದೆವು.

ಬೆಳಿಗ್ಗೆ ಹಸಿರು ಅಂಗಿ ಹಾಕಿ ಗಾಲಿಮಂಚದ ಮೇಲೆ ಮಲಗಿಸಿದರು. ಅವ್ವ ಭಂಡಾರದ ಗಂಟು ಬಿಚ್ಚಿ ನನ್ನ ಹಣೆಗೆ ಬಳಿದಳು. ನರ್ಸ್ ಬಂದು, ಮುಖಕ್ಕೆ ಏನೂ ಹಚ್ಚಬಾರದು ಎಂದು ಗದರಿ ಒರೆಸಿದಳು. ಅವ್ವ ಮುಖ ಸಣ್ಣದು ಮಾಡಿಕೊಂಡು ನಿಂತಳು. ನರ್ಸ್ ಆಚೆ ಹೋದದ್ದೇ, ಹುಸೇನಬಿ ಅವ್ವನ ಕೈಯಿಂದ ಒಂದು ಚಿಟಿಕೆ ತೆಗೆದುಕೊಂಡು ನನ್ನ ಕಾಲಿನ ಹೆಬ್ಬೆರಳಿಗೆ ಒರೆಸಿದಳು. "ಇಲ್ಲಿಗೆ ಯಾರೂ ಚಾಕು ಹಚ್ಚಂಗಿಲ್ಲ, ಇರ್ಲಿ ಬಿಡು" ಎಂದಳು. ಅವ್ವ ಅವಳ ಕೈ ಹಿಡಿದುಕೊಂಡಳು. ನಾನು ಮಾತ್ರ ಅವ್ವನ ಕಡೆ ತಿರುಗಲಿಲ್ಲ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದ ಮೇಲೆ, ಹೀಗೇ ಹೋಗಿಬಿಟ್ಟರೆ ಅವ್ವನ ಜೊತೆ ಮಾತು ಬಿಟ್ಟೇ ಹೋದಂತಾಗುತ್ತದಲ್ಲ ಎಂದು ಜೀವ ಚುರ್ ಎಂದಿತು. ಬೇಡ ಎಂದು ಹೇಳಬಹುದಿತ್ತು. ಎಚ್ಚರ ತಪ್ಪಿಸುವ ಡಾಕ್ಟರು ನನ್ನ ಮುಖದ ಮೇಲೆ ಬಾಗಿ, ಹೇಳುವುದಿದ್ದರೆ ಹೇಳಿ ಎಂದು ಕೇಳಿಯೂ ಕೇಳಿದರು. ಮಾಡ್ರಿ ಎಂದೆ.

ಎಚ್ಚರವಾದಾಗ ಕೆನ್ನೆಗಿಂತ ತೊಡೆ ಹೆಚ್ಚು ಉರಿಯುತ್ತಿತ್ತು. ಬಾಯಿ ತೆರೆಯುವಂತಿಲ್ಲ, ನಗುವಂತಿಲ್ಲ, ಅಳುವಂತಿಲ್ಲ ಎಂದರು. ಮಾತಾಡದೆ ಇರಲು ಅದೊಂದು ನೆಪ ಸಿಕ್ಕಿತು. ಹತ್ತು ದಿನ ಅವ್ವ ಚಮಚದಲ್ಲಿ ಗಂಜಿ ಹಾಕಿದಳು, ನಾನು ನುಂಗಿದೆ. ಕಟ್ಟು ಬಿಚ್ಚಿ ಕನ್ನಡಿ ಕೊಟ್ಟಾಗ ಅಲ್ಲಿ ಬೇರೆಯ ಬಣ್ಣದ ಒಂದು ತೇಪೆ ಇತ್ತು. ಅಂದುಕೊಂಡಷ್ಟು ಚಂದವಿರಲಿಲ್ಲ. ಗಂಟುಗಳಂತೂ ಇರಲಿಲ್ಲ. ಮಗಳು ನೋಡಿ, ಇಲ್ಲಿದ್ದದ್ದು ಎಲ್ಲಿಗೆ ಹೋಯ್ತು ಎಂದು ಕೇಳಿದಳು. ಹಾಲೇಶ ನೋಡಿ, "ನೋವು ಐತೇನು?" ಎಂದರು. ನಿಧಾನಕ್ಕೆ ನಾನೂ ಅವ್ವನೂ ಉಪ್ಪು ಎಲ್ಲಿ, ಹಾಲು ಬಂತಾ ಎಂಬಷ್ಟು ಮಾತಿಗೆ ಬಂದೆವು. ಅಷ್ಟೇ.

ನಾಲ್ಕೈದು ತಿಂಗಳ ಮೇಲೆ ಒಬ್ಬ ಅಜ್ಜಿ ಕೂಸನ್ನೆತ್ತಿಕೊಂಡು ನಮ್ಮ ಕಟ್ಟೆಗೆ ಬಂದಳು. ಕೂಸಿಗೆ ಕಾಮಾಲೆ ಎಂದಳು, ಬರೆ ಹಾಕುವ ಮುದುಕ ಈಗ ಯಾವ ಹಟ್ಟಿಯಲ್ಲಿದ್ದಾನೆ ಎಂದು ಅವ್ವನನ್ನು ಕೇಳಿದಳು. ನಾನು ಒಳಗಿದ್ದೆ. ಈ ಸಲ ಪಾತ್ರೆ ಸದ್ದು ಮಾಡಲಿಲ್ಲ.

"ದವಾಖಾನಿಗೆ ಒಯ್ಯಿ" ಎಂದಳು ಅವ್ವ.

"ಇದೇನ ನೀನು ಹಿಂಗಂತಿ? ನಿನ್ನ ಮಗಳು ಬರಿಯಿಂದನ ಉಳದಾಳಲ್ಲ?"

"ಇಲ್ಲ. ಸೂಜಿಯಿಂದ ಉಳದ್ಲು. ನಾ ಸುಳ್ಳು ಹೇಳಿದ್ದೆ."

ಅಜ್ಜಿ ಬಾಗಿಲಲ್ಲಿ ನಿಂತಿದ್ದ ನನ್ನನ್ನು, ನನ್ನ ಕೆನ್ನೆಯನ್ನು ನೋಡಿದಳು. ಅಲ್ಲಿ ಅವಳಿಗೆ ಬರೆಯ ಗುರುತು ಕಾಣಲಿಲ್ಲ. "ಮಗಳ ಮಾರಿ ಚೊಲೊ ಆದಮ್ಯಾಲೆ ಮಾತೂ ಬದಲಾತು" ಎಂದು ಗೊಣಗಿ ಎದ್ದುಹೋದಳು. ನಾನು ಅವರ ಮನೆಗೆ ಎರಡು ಸಲ ಹೋಗಿ ಬಾಗಿಲು ಬಡಿದೆ. ಕೂಸು ಊರಲ್ಲಿಲ್ಲ ಎಂದರು.

ಮುಂದಿನ ತೂಕದ ದಿನ ಆ ಕೂಸನ್ನು ತಾಯಿ ಕರೆತಂದಳು. ಬದುಕಿತ್ತು. ಹೊಟ್ಟೆಯ ಮೇಲೆ ಹೊಕ್ಕುಳ ಸುತ್ತ ಮೂರು ಹಸಿ ಬರೆ. ಅವ್ವ ನನಗೆ ಬುತ್ತಿ ಕೊಡಲು ಬಂದವಳು ಅಂಗಿ ಎತ್ತಿದ್ದನ್ನು ನೋಡಿಬಿಟ್ಟಳು. ಬುತ್ತಿ ಕೆಳಗಿಟ್ಟು ಆ ತಾಯಿಯನ್ನು ಕೇಳಿದಳು.

"ಬಾಳ ಅತ್ತಿತಾ?"

"ಊರೆಲ್ಲ ಕೇಳೂವಂಗ ಅತ್ತಿತ್ರಿ."

"ಅತ್ತಿತಲ್ಲ, ಚೊಲೊ ಆತು" ಎಂದಳು ಅವ್ವ. ಆ ಹುಡುಗಿ ಏನೂ ತಿಳಿಯದೆ ನನ್ನ ಕಡೆ ನೋಡಿದಳು. ನಾನು ಗಾಯಕ್ಕೆ ಮುಲಾಮು ಹಚ್ಚಿ, ಅವಳನ್ನೂ ಕೂಸನ್ನೂ ಮಧ್ಯಾಹ್ನದ ಬಸ್ಸಿಗೆ, ಆ ದಿನ ಮನೆಯಲ್ಲೇ ಇದ್ದ ಹಾಲೇಶರ ಜೊತೆ ಹರಪನಹಳ್ಳಿ ಆಸ್ಪತ್ರೆಗೆ ಕಳಿಸಿದೆ.

ಸಾಯಂಕಾಲ ಅವ್ವನೂ ನಾನೂ ಮನೆಯ ಕಡೆ ನಡೆಯುತ್ತಿದ್ದೆವು. ಇಪ್ಪತ್ತೆಂಟು ವರ್ಷದಲ್ಲಿ ನಾನು ಕೇಳದ್ದನ್ನು ಆಗ ಕೇಳಿದೆ.

"ಯವ್ವ, ನಾ ಎಷ್ಟು ಅತ್ತಿದ್ದೆ?"

ಅವ್ವ ನಿಂತಳು. "ನೀ ಅಳಲಿಲ್ಲ" ಎಂದಳು. "ಅಳಾಕ ನಿನಗ ತ್ರಾಣನ ಇರ್ಲಿಲ್ಲ. ಅಳಲಿಲ್ಲಂದ್ರ ಬರಿ ತಾಗಿಲ್ಲ ಅಂತ ತಿಳಕೊಂಡೆ. ಇನ್ನೊಮ್ಮಿ ಹಾಕು ಅಂತ ನಾನ ಅಂದೆ."